ನಿಧಿ ಇನ್ನೂ ಸಿಕ್ಕಿಲ್ಲ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ. ಅಂದು ಕನ್ನಡ ಮೇಷ್ಟ್ರು ವ್ಯಾಕರಣದಲ್ಲಿ ಲಿಂಗದ ಪಾಠ ಶುರು ಮಾಡುವವರಿದ್ದರು. ನಾನು ಅತ್ತ ಹೋಗದೆ ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋಗಿ ಸೇರಿಕೊಂಡೆ. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ತಾಮ್ರದ ತಂತಿ ಸುತ್ತುವುದಕ್ಕೆ ಸ್ತ್ರೀಲಿಂಗ, ಪುಲ್ಲಿಂಗ, ನಪುಂಸಕಲಿಂಗ ಯಾವುದೂ ಬೇಕಾಗಲಿಲ್ಲ. ಆಮೇಲೆ ನರ್ಸ್ ಆಗಿದ್ದ ಸಾವಿತ್ರಿಯನ್ನು ಮದುವೆಯಾದೆ. ಅವಳಿಗೆ ಇಲ್ಲಿ ಕೆಲಸ ಸಿಕ್ಕಿತು, ನನಗೆ ಅವಳ ಪಕ್ಕದ ಸೀಟು ಸಿಕ್ಕಿತು. ಹಾಗೆ ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ಗೆ ಬಂದಿಳಿದು, ಇಟಾಸ್ಕಾದ ಒಂದು ಹೋಟೆಲಿನಲ್ಲಿ ಮೇಂಟೆನೆನ್ಸ್ ಕೆಲಸ ಹಿಡಿದೆ. ಅಲ್ಲಿ ಎ.ಸಿ. ಕೆಟ್ಟರೆ, ಬಾಯ್ಲರ್ ಕೆಮ್ಮಿದರೆ, ಕೀ ಕಾರ್ಡ್ ಹಾಕಿದರೂ ಬಾಗಿಲು ಮುನಿಸಿಕೊಂಡರೆ ನನ್ನನ್ನೇ ಕರೆಯಬೇಕು. ತಪ್ಪಿಸಿಕೊಂಡ ಆ ಒಂದು ಪಾಠದಿಂದ ಜೀವನದಲ್ಲಿ ಮೂರು ಕಾಸಿನ ನಷ್ಟವಾಗಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಹೋದ ಬೇಸಿಗೆಯ ಆ ಶನಿವಾರದವರೆಗೆ!

ಎಲ್ಲಕ್ಕೂ ಕಾರಣ ಹೋಟೆಲಿನ ಒಬ್ಬ ಗೆಸ್ಟ್. ಅವನ ರೂಮಿನ ಎ.ಸಿ. ರಿಪೇರಿ ಮಾಡುತ್ತಿದ್ದಾಗ ಆ ಪುಣ್ಯಾತ್ಮ ಮಂಚದ ಮೇಲೆ ಕಾಲು ಚಾಚಿ ಕಥೆ ಹೇಳಿದ. ಮಿಶಿಗನ್ ಸರೋವರದ ತಳದಲ್ಲಿ ಹಳೆಯ ಹಡಗುಗಳು ಮಲಗಿವೆಯಂತೆ. ಜೋರು ಗಾಳಿ ಬೀಸಿದ ಮರುದಿನ ಅವುಗಳಲ್ಲಿದ್ದ ನಾಣ್ಯಗಳು ದಡಕ್ಕೆ ಬರುತ್ತವಂತೆ. ಮೆಟಲ್ ಡಿಟೆಕ್ಟರ್ ಒಂದಿದ್ದರೆ ಸಾಕು, ಪಬ್ಲಿಕ್ ಬೀಚಿನಲ್ಲಿ ವಾಕಿಂಗ್ ಮಾಡುತ್ತಾ ಆರಿಸಿಕೊಳ್ಳಬಹುದಂತೆ. ನಾನು ಎ.ಸಿ.ಯ ಫಿಲ್ಟರನ್ನು ತಿರುಗುಮುರುಗಾಗಿ ಹಾಕಿಬಿಟ್ಟೆ. ನನ್ನ ಸರ್ವೀಸಿನಲ್ಲೇ ಅದು ಮೊದಲ ಸಲ!

ಮುಂದಿನ ವಾರವೇ ನಮ್ಮ ಸಬ್‌ಡಿವಿಷನ್ನಿನ ಗರಾಜ್ ಸೇಲಿನಲ್ಲಿ ಒಂದು ಡಿಟೆಕ್ಟರ್ ಕಣ್ಣಿಗೆ ಬಿತ್ತು. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಂಥದ್ದು, ಅದರೊಳಗೆ ಒಂದು ಕಾಯಿಲ್. ಮಾರುವವನು ಪುಸ್ತಕವನ್ನೂ ಕೊಡಲು ಬಂದ. ನಾನು ಬೇಡ ಎಂದೆ. ಹರೆಯವನ್ನೆಲ್ಲ ಕಾಯಿಲ್ ಸುತ್ತುವುದರಲ್ಲೇ ಕಳೆದವನಿಗೆ ಕಾಯಿಲ್ ಬಗ್ಗೆ ಪುಸ್ತಕವೇ!

ಆದರೆ ನಿಜವಾದ ಕಾರಣ ಬೇರೆ ಇತ್ತು. ಅದರ ಹೆಸರು ಮಂಜುನಾಥ. ನನ್ನ ಷಡ್ಡಕ, ಅಂದರೆ ಸಾವಿತ್ರಿಯ ಅಕ್ಕನ ಗಂಡ. ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿ ಮನೆ, ಕಾರಿನ ಸೆನ್ಸರುಗಳಲ್ಲಿ ಪಿಎಚ್.ಡಿ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಮದುವೆ ಮುಂಜಿಗಳಲ್ಲಿ ನಮ್ಮಿಬ್ಬರನ್ನೂ ಪರಿಚಯಿಸುವಾಗ ಜನ ಅವರಿಗೆ "ಡಾಕ್ಟರ್ ಮಂಜುನಾಥ್" ಎನ್ನುತ್ತಾರೆ, ನನಗೆ "ಸಾವಿತ್ರಿ ಯಜಮಾನ್ರು" ಎನ್ನುತ್ತಾರೆ.

ಅವರ ಒಬ್ಬಳೇ ಮಗಳ ಹೆಸರು ನಿಧಿ. ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಒಂದು ವಾರ ಚಿಕ್ಕಮ್ಮನ ಮನೆಯಲ್ಲಿರುತ್ತೇನೆಂದು ಹಠ ಹಿಡಿದಿದ್ದಳು. ಅಪ್ಪ ಅಮ್ಮನನ್ನು ಬಿಟ್ಟು ಅವಳು ಎಲ್ಲೂ ಇದ್ದವಳಲ್ಲ. ಮಂಜಣ್ಣ ಅವಳನ್ನು ತಂದುಬಿಟ್ಟು ಹೊರಡುವಾಗ ಕಾರಿನ ಕಿಟಕಿ ಇಳಿಸಿ ನನ್ನನ್ನು ಹತ್ತಿರ ಕರೆದರು.

"ಶೇಖರ್, ಸಾವಿತ್ರಿ ಡ್ಯೂಟೀಲಿದ್ದಾಗ ಪೂರ್ತಿ ನಿಮ್ಮ ಮೇಲೇ ಬಿಟ್ಟಿದೀನಿ. ಸ್ವಲ್ಪ ನೋಡ್ಕೊಳ್ಳಿ."

ಆ 'ಸ್ವಲ್ಪ' ನನಗೆ ಚುಚ್ಚಿತು. ಅನುಮಾನವಿದ್ದವರು ಮಾತ್ರ ಹಾಗೆ ಹೇಳುತ್ತಾರೆ. ಒಂದು ವಾರ ಆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ. ದೋಸೆ ಸುಟ್ಟುಕೊಟ್ಟೆ, ಜಡೆ ಹಾಕಲು ಕಲಿತೆ. ಜಡೆ ಹಾಕುವುದು ರಿವೈಂಡಿಂಗ್ ತರಹವೇ. ಶನಿವಾರ ಸಂಜೆ ಅವರು ಮಗಳನ್ನು ಕರೆದುಕೊಂಡು ಹೋಗಲು ಬರುವವರಿದ್ದರು. ಮಗಳನ್ನು ಒಂದು ಗೀರೂ ಇಲ್ಲದೆ ಒಪ್ಪಿಸಬೇಕು. ಅದರ ಜೊತೆಗೆ, ಕಾಫಿ ಕೊಡುವಾಗ ಟ್ರೇಯಲ್ಲಿ ಮುಳುಗಿದ ಹಡಗಿನ ಒಂದು ನಾಣ್ಯವನ್ನೂ ಇಟ್ಟು, "ಇದು ನೋಡಿ, ಸುಮ್ಮನೆ ಬೀಚಿಗೆ ಹೋಗಿದ್ದೆ" ಎನ್ನಬೇಕು. ನನ್ನ ಆಸೆ ಇಷ್ಟೇ.

ಶನಿವಾರ ನಿಧಿಯನ್ನೂ ಬೀಚಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಸಾವಿತ್ರಿ ಬೆಳಕು ಹರಿಯುವ ಮೊದಲೇ ಆಸ್ಪತ್ರೆಗೆ ಹೊರಟಳು. ಹೋಗುತ್ತಾ, ಮಧ್ಯಾಹ್ನ ಒಂದು ಫೋನ್ ಮಾಡಿ ಹೇಗಿದೆ ಅಂತ ತಿಳಿಸಬೇಕೆಂದು ತಾಕೀತು ಮಾಡಿದಳು. ನಿಧಿ ಎದ್ದು ಬಂದು, ಡಿಟೆಕ್ಟರನ್ನೂ ನನ್ನನ್ನೂ ನೋಡಿ, "ಚಿಕ್ಕಪ್ಪ, ದಟ್ಸ್ ಸೋ ಬೋರಿಂಗ್" ಎಂದಳು. ಪಕ್ಕದ ಮನೆಯ ಗುಜರಾತಿ ಆಂಟಿಯ ಹಿತ್ತಲಿನಲ್ಲಿ ಗಾಳಿ ತುಂಬುವ ಈಜುಕೊಳ ಬಂದಿತ್ತು, ಅಲ್ಲಿ ಮೊಮ್ಮಕ್ಕಳ ದಂಡು ಸೇರಿತ್ತು. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಆಂಟಿಗೆ ಒಪ್ಪಿಸಿದೆ. ಆಂಟಿ ಎರಡೆರಡು ಸಲ ಧೈರ್ಯ ಹೇಳಿದರು. ಇಷ್ಟು ಜವಾಬ್ದಾರಿಯಿಂದ ಕೆಲಸ ಮಾಡಿದ ನಾನು ಈ ಬದಲಾವಣೆಯನ್ನು ಸಾವಿತ್ರಿಗೆ ತಿಳಿಸಿದೆನೇ?

ತಿಳಿಸಲಿಲ್ಲ.

ನಾನು ಆರಿಸಿಕೊಂಡ ಬೀಚು, ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಮೊದಲ ಸಲ ಹೋಗಿದ್ದ ಬೀಚೇ. ಅಂದು ನಾನು ಪಾರ್ಕಿಂಗ್ ಹುಡುಕಿ ಬರುವಷ್ಟರಲ್ಲಿ ಸಾವಿತ್ರಿ ಆ ನೀರಿಗೆ ಕೈಮುಗಿದು ನಿಂತಿದ್ದಳು. ಅವಳಿಗೆ ಎಲ್ಲಿ ನೀರು ಕಂಡರೂ ಗಂಗಮ್ಮನೇ. ಡಿಟೆಕ್ಟರ್ ತರಲು ಬೇಕಾದ ಪರ್ಮಿಟ್ ಕೂಡ ನಾನು ಮೊದಲೇ ಮಾಡಿಸಿದ್ದೆ. ಅದನ್ನು ಲ್ಯಾಮಿನೇಷನ್ ಮಾಡಿಸಿ ಕೊರಳಿಗೆ ತೂಗುಹಾಕಿಕೊಂಡು, ಕಿವಿಗೆ ಹೆಡ್‌ಫೋನ್, ಸೊಂಟಕ್ಕೆ ಟೂಲ್ ಬೆಲ್ಟ್, ಕಾಲಿಗೆ ಡ್ಯೂಟಿಯ ಬೂಟು ಏರಿಸಿ ಮರಳಿಗೆ ಇಳಿದೆ. ಸುತ್ತ ಜನ ಚಡ್ಡಿಯಲ್ಲಿದ್ದರು. ನಾನು ಯುದ್ಧಕ್ಕೆ ಹೊರಟವನಂತಿದ್ದೆ.

ಸ್ವಿಚ್ ಹಾಕಿದ್ದೇ ತಡ, ಕುಂಯ್ ಎಂದಿತು! ಮೊದಲ ಹೆಜ್ಜೆಯಲ್ಲೇ! ಮಂಡಿಯೂರಿ ಅಗೆದೆ. ಏನೂ ಇಲ್ಲ. ಎರಡು ಹೆಜ್ಜೆ ಆಚೆ ಹೋದೆ, ಅಲ್ಲೂ ಕುಂಯ್. ಅಲ್ಲೂ ಅಗೆದೆ. ಎಲ್ಲಿ ಕಾಲಿಟ್ಟರೆ ಅಲ್ಲಿ ಕುಂಯ್! ಇಡೀ ಹಡಗೇ ಈ ಮರಳಿನ ಕೆಳಗೆ ಹೂತುಹೋಗಿರಬೇಕೆಂದು ನನಗೆ ಖಾತ್ರಿಯಾಯಿತು. ಅಗೆಯುತ್ತಾ ಹೋದೆ. ಹಿಂತಿರುಗಿ ನೋಡಿದರೆ ನೀರಿನ ಪೈಪ್ ಹಾಕಲು ತೋಡಿದಂತೆ ಉದ್ದಕ್ಕೂ ಒಂದು ಕಾಲುವೆ. ಅದರಲ್ಲಿ ಮಕ್ಕಳು ಬಕೆಟ್ ತಂದು ನೀರು ಸುರಿಯಲು ಶುರು ಮಾಡಿದ್ದವು.

ಆಗ ಇನ್ನೊಬ್ಬ ಡಿಟೆಕ್ಟರಿನವರು ಹತ್ತಿರ ಬಂದರು. ಬಿಳಿ ಗಡ್ಡದ ಅಮೆರಿಕನ್ ಅಜ್ಜ. ಬಹಳ ಹೊತ್ತು ನನ್ನನ್ನು ನೋಡುತ್ತಾ ನಿಂತಿದ್ದು, ಕೊನೆಗೆ ಮೆಲ್ಲಗೆ ಕೇಳಿದರು. ನಿನ್ನ ಬೂಟಿನ ಮುಂದುಗಡೆ ಸ್ಟೀಲ್ ಇದೆಯೇ?

ಇತ್ತು. ಭಾರವಾದದ್ದು ಬಿದ್ದರೆ ಕಾಲ್ಬೆರಳು ಜಜ್ಜಿಹೋಗಬಾರದೆಂದು ಹೋಟೆಲಿನವರೇ ಕೊಟ್ಟಿದ್ದ ಸ್ಟೀಲ್ ಟೋ ಬೂಟು. ಅಂದರೆ, ಬೆಳಗಿನಿಂದ ನಾನು ನನ್ನ ಪಾದಗಳನ್ನೇ ಪತ್ತೆ ಹಚ್ಚುತ್ತಿದ್ದೆ! ಕಾಯಿಲ್ ಬಗ್ಗೆ ಪುಸ್ತಕ ಬೇಡವೆಂದ ಮಹಾನುಭಾವ ನಾನೇ.

ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತೆ. ಅಜ್ಜ ಸಮಾಧಾನ ಮಾಡಿ, ಇಲ್ಲಿ ಒಣಮರಳಿನಲ್ಲಿ ಏನೂ ಇರುವುದಿಲ್ಲ, ಇದ್ದರೆ ಅಲೆ ಎಳೆದುಕೊಂಡು ನೀರೊಳಗೆ ಹೋಗಿರುತ್ತದೆ, ಅತ್ತ ಹುಡುಕು ಎಂದು ಕೈತೋರಿಸಿದರು. ಅಷ್ಟರಲ್ಲಿ ಸಾವಿತ್ರಿಯ ತಾಕೀತು ನೆನಪಾಯಿತು. ಫೋನ್ ಮಾಡಿದೆ. ಅವಳು ವಾರ್ಡಿನಲ್ಲಿದ್ದಳು, ಎತ್ತಲಿಲ್ಲ. ವಾಯ್ಸ್ ಮೇಲ್ ಬಂತು. ಮೆಸೇಜು ಬಿಟ್ಟೆ. ಆ ಮೆಸೇಜನ್ನು ಆಮೇಲೆ ನನ್ನ ಮನೆಯವರೆಲ್ಲ ಕೂತು ಅದೆಷ್ಟು ಸಲ ಕೇಳಿಸಿಕೊಂಡರೆಂದರೆ, ಈಗ ನನಗೂ ಬಾಯಿಪಾಠವಾಗಿದೆ.

"ಸಾವಿತ್ರಿ, ನಾನು ಕಣೇ. ನಿಧಿ ಇನ್ನೂ ಸಿಕ್ಕಿಲ್ಲ. ಬೆಳಗ್ಗಿಂದ ಹುಡುಕ್ತಾ ಇದೀನಿ, ಮರಳೆಲ್ಲಾ ಅಗೆದು ನೋಡ್ದೆ. ಇಲ್ಲೊಬ್ರು ಅಜ್ಜ ಹೇಳ್ತಿದಾರೆ, ಅಲೆ ಎಳ್ಕೊಂಡು ನೀರೊಳಗೆ ಹೋಗಿರುತ್ತೆ ಅಂತ. ನೀನೇನೂ ಟೆನ್ಷನ್ ಮಾಡ್ಕೋಬೇಡ. ಇವತ್ತು ಸಿಗಲಿಲ್ಲ ಅಂದ್ರೆ ಮುಂದಿನ ಶನಿವಾರ ಬಂದು ನೋಡ್ತೀನಿ. ಭಾವನಿಗೆ ಮಾತ್ರ ಹೇಳ್ಬೇಡ, ಸುಮ್ನೆ ನಗ್ತಾರೆ. ನಂಗೀಗ ಹೊಟ್ಟೆ ಹಸೀತಿದೆ, ಪುಳಿಯೋಗರೆ ತಿಂದು ಮತ್ತೆ ಶುರು ಮಾಡ್ತೀನಿ."

ಓದುಗರು ಇಲ್ಲಿ ಸ್ವಲ್ಪ ನಿಂತು ವ್ಯಾಕರಣವನ್ನು ಗಮನಿಸಬೇಕು. 'ಸಿಕ್ಕಿತು' ಎಂದಿದ್ದರೆ ಅದು ವಸ್ತು. 'ಸಿಕ್ಕಿದಳು' ಎಂದಿದ್ದರೆ ಹುಡುಗಿ. 'ಸಿಕ್ಕಿಲ್ಲ' ಎನ್ನುವ ಪದಕ್ಕೆ ಮಾತ್ರ ಲಿಂಗವೇ ಇಲ್ಲ! ವಸ್ತುವಿಗೂ ಅದೇ, ಹುಡುಗಿಗೂ ಅದೇ. ತೊಂಬತ್ತಮೂರರಲ್ಲಿ ಮೇಷ್ಟ್ರು ಬಹುಶಃ ಇದನ್ನೇ ಹೇಳಿದ್ದರು. ನಾನು ಅಂದು ತಂತಿ ಸುತ್ತುತ್ತಿದ್ದೆ.

ಫೋನ್ ಜೇಬಿಗೆ ಹಾಕಿಕೊಂಡು ಡಿಟೆಕ್ಟರ್ ಎತ್ತಿದರೆ ಮತ್ತೆ ಗೊರಗೊರ ಸದ್ದು. ಫೋನ್ ಇದ್ದರೂ ಅದಕ್ಕೆ ಆಗುವುದಿಲ್ಲವೆಂದು ಅಜ್ಜ ಹೇಳಿದರು. ಫೋನು, ಬೂಟು, ಟೂಲ್ ಬೆಲ್ಟು ಎಲ್ಲವನ್ನೂ ಕಾರಿನಲ್ಲಿಟ್ಟು, ಪುಳಿಯೋಗರೆ ತಿಂದು, ಹಗುರಾಗಿ ನೀರಿನ ಅಂಚಿಗೆ ಬಂದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಸ್ಪಷ್ಟವಾದ, ಗಂಟೆ ಬಾರಿಸಿದಂಥ ಸದ್ದು ಬಂತು. ಕೈ ಹಾಕಿ ಬಗೆದೆ. ದುಂಡಗಿನದೊಂದು ಸಿಕ್ಕಿತು. ಕರ್ರಗೆ ಕಿಟ್ಟ ಹಿಡಿದಿತ್ತು. ಉಗುರಿನಿಂದ ಕೆರೆದು ನೋಡಿದರೆ ಒಂದು ಪ್ರಾಣಿಯ ತಲೆ. ಸಿಂಹ! ಯುರೋಪಿನ ರಾಜರಿಗೆ ಸಿಂಹದ ಹುಚ್ಚು ಬಹಳವೆಂದು ಎಲ್ಲೋ ಕೇಳಿದ್ದೆ. ನಾಣ್ಯವನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದೆ. ಸಂಜೆಯ ಕಾಫಿಯ ಟ್ರೇ ಕಣ್ಣಮುಂದೆ ಬಂತು.

ಅಷ್ಟರಲ್ಲಿ ಬೀಚಿನ ಉದ್ದಕ್ಕೂ ಸೀಟಿ ಕೇಳಿಸಿತು. ಲೈಫ್‌ಗಾರ್ಡ್‌ಗಳು ಎಲ್ಲರನ್ನೂ ನೀರಿನಿಂದ ಹೊರಗೆ ಕಳಿಸಿದರು. ಮೈಕಿನಲ್ಲಿ ಒಬ್ಬಳು "ನೀಡೀ... ನೀಡೀ..." ಎಂದು ಕೂಗಲು ಶುರು ಮಾಡಿದಳು. ಅಮೆರಿಕದ ಬೀಚಿನಲ್ಲಿ ಕನ್ನಡ! ಏನನ್ನು ನೀಡಬೇಕೆಂದು ತಿಳಿಯದೆ ಜೇಬು ಮುಟ್ಟಿಕೊಂಡೆ. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದರೆ, ಮಗುವೊಂದು ಕಾಣೆಯಾಗಿದೆ, ಅದರ ಹೆಸರು ಎಂದರು. ಒಂಬತ್ತು ವರ್ಷದ ಹುಡುಗಿಯಂತೆ, ಕಪ್ಪು ಕೂದಲಂತೆ.

ನಮ್ಮ ನಿಧಿಯ ವಯಸ್ಸೇ! ಅವಳನ್ನು ಕರೆತರದೆ ಆಂಟಿಯ ಮನೆಯಲ್ಲಿ ಬಿಟ್ಟದ್ದೇ ಒಳ್ಳೆಯದಾಯಿತೆಂದು ದೇವರಿಗೆ ಕೈಮುಗಿದೆ. ಲೈಫ್‌ಗಾರ್ಡ್‌ಗಳು ದೊಡ್ಡವರನ್ನೆಲ್ಲ ಕರೆದು ಸಾಲಾಗಿ ಕೈ ಕೈ ಹಿಡಿಸಿ ನೀರಿಗೆ ಇಳಿಸಿದರು, ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕಿ ತಳವನ್ನು ತಡಕಬೇಕು. ನಾನು ಡಿಟೆಕ್ಟರ್ ಎಸೆದು ಮೊದಲ ಸಾಲಿನಲ್ಲೇ ಇಳಿದೆ. ಎದೆಮಟ್ಟದ ನೀರು, ಐಸಿನಂಥ ಚಳಿ. ಪ್ರತಿ ಹೆಜ್ಜೆಗೂ ಕಾಲಿಗೆ ಏನೂ ತಗುಲದಿರಲಿ ಎಂದು ಬೇಡಿಕೊಂಡೆ. ನಡುವೆ ಕೈ ಹಿಡಿದಿದ್ದ ಆ ಹೆಂಗಸಿಗೆ ನನ್ನ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದೆ. ಮಗುವನ್ನು ಬೀಚಿಗೆ ತಂದು ನಿಗಾ ಇಡದವರು ಎಂಥ ಜನ ಇರಬಹುದು? ಅಂಥವರ ಕೈಗೆ ಮಕ್ಕಳನ್ನೇ ಕೊಡಬಾರದು ಎಂದರು ಅವರು. ನಾನು ಪೂರ್ಣ ಸಮ್ಮತಿ ಸೂಚಿಸಿದೆ.

ಆಗ ದಡದಲ್ಲಿ ನೀಲಿ ನರ್ಸ್ ಡ್ರೆಸ್ಸಿನಲ್ಲಿ ಒಬ್ಬಳು ಓಡಿಬರುತ್ತಿರುವುದು ಕಂಡಿತು. ಹಿಂದೆ ಒಬ್ಬ ಪೊಲೀಸ್ ಆಫೀಸರ್. ಅಯ್ಯೋ ಪಾಪ, ತಾಯಿ ಇರಬೇಕು ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ಸಾವಿತ್ರಿ!

ನೀರಿನಿಂದ ಎದ್ದು ಬಂದೆ. ಅವಳ ಮುಖ ಬಿಳುಚಿಕೊಂಡಿತ್ತು. ನನ್ನ ತೋಳು ಹಿಡಿದು ಅಲುಗಾಡಿಸಿದಳು.

"ನಿಧಿ ಎಲ್ಲಿ? ರೀ, ನಿಧಿ ಎಲ್ಲಿ?"

ಸುತ್ತ ಇಷ್ಟು ಜನ. ನಾಣ್ಯದ ಗುಟ್ಟು ರಟ್ಟಾಗಬಾರದು. ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ಮೆತ್ತಗೆ ಮಾತಾಡೇ, ಎಲ್ರಿಗೂ ಗೊತ್ತಾಗುತ್ತೆ. ಜೇಬಲ್ಲಿದೆ."

ಸಾವಿತ್ರಿ ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಮಿದುಳಿಗೆ ಪೆಟ್ಟು ಬಿದ್ದವರನ್ನು ಅವಳು ಹಾಗೆ ನೋಡುವುದನ್ನು ಕಂಡಿದ್ದೇನೆ. ನಾನು ಜೇಬಿನ ಗುಂಡಿ ಬಿಚ್ಚಿ ನಾಣ್ಯ ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ.

"ಇದಲ್ಲ," ಎಂದಳು. ದನಿಯೇ ಇರಲಿಲ್ಲ. "ನಮ್ಮ ನಿಧಿ ರೀ. ಅಕ್ಕನ ಮಗಳು."

"ಅವಳಾ? ಅವಳು ಪಕ್ಕದ್ಮನೆ ಆಂಟಿ ಹತ್ರ ಇದಾಳಲ್ಲ. ಇಲ್ಲಿಗೆ ಬರ್ಲೇ ಇಲ್ಲ."

ಇಷ್ಟು ಹೇಳುವಾಗಲೇ ಮೈಕಿನಲ್ಲಿ ಮತ್ತೆ "ನೀಡೀ" ಎಂದರು. ಆಗ, ಆಗ ಮಾತ್ರ, ನನ್ನ ತಲೆಯೊಳಗಿನ ಕಾಯಿಲ್ ಕುಂಯ್ ಎಂದಿತು.

ಸಾವಿತ್ರಿ ಮರಳಿನ ಮೇಲೆ ಕುಸಿದು ಕೂತಳು. ಅಲ್ಲಿಂದಲೇ ಆಂಟಿಗೆ ಫೋನ್ ಮಾಡಿದಳು. ನಿಧಿ ಫೋನಿಗೆ ಬಂದು, ಐಸ್ ಕ್ರೀಮ್ ತಿನ್ನುತ್ತಿದ್ದೇನೆ, ಆಮೇಲೆ ಮಾತಾಡಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳಂತೆ.

ಉಳಿದದ್ದು ಪೊಲೀಸ್ ಆಫೀಸರಿಗೆ ವಿವರಿಸುವ ಕೆಲಸ. ಆತ ತಾಳ್ಮೆಯವನು. ನಮ್ಮ ಭಾಷೆಯಲ್ಲಿ 'ನಿಧಿ' ಎಂದರೆ ಟ್ರೆಷರ್ ಎಂದು ನಾನು ಹೇಳಿದೆ. ಎಲ್ಲ ಮಕ್ಕಳೂ ಹಾಗೇ ಅಲ್ಲವೇ ಸರ್, ಎಂದ ಆತ. ಹಾಗಲ್ಲ, ನೆಲದಲ್ಲಿ ಹೂತಿಡುತ್ತಾರಲ್ಲ, ಅದು ನಿಧಿ ಎಂದೆ. ಆತನ ಕೈ ನಿಧಾನವಾಗಿ ಸೊಂಟದ ವಾಕಿ ಟಾಕಿಯ ಕಡೆ ಹೋಯಿತು. ಸಾವಿತ್ರಿ ನನ್ನನ್ನು ಹಿಂದಕ್ಕೆ ತಳ್ಳಿ, ತಾನೇ ಮಾತಾಡಿ, ಪ್ರತಿಯೊಬ್ಬರ ಬಳಿಯೂ ಕ್ಷಮೆ ಕೇಳಿದಳು. ಸಾಲಿನಲ್ಲಿ ನನ್ನ ಕೈ ಹಿಡಿದಿದ್ದ ಆ ಹೆಂಗಸು ಎದ್ದು ಬಂದು ನನ್ನನ್ನು ಒಮ್ಮೆ ನೋಡಿದರು. ಹೇಳಬೇಕಾದದ್ದನ್ನು ನಾವಿಬ್ಬರೂ ನೀರಿನಲ್ಲೇ ಹೇಳಿ ಮುಗಿಸಿದ್ದೆವು.

ಇಷ್ಟಕ್ಕೇ ಮುಗಿದಿದ್ದರೆ ಬಚಾವಾಗುತ್ತಿದ್ದೆ. ಆದರೆ ಸಾವಿತ್ರಿ ಮೆಸೇಜು ಕೇಳಿದ್ದೇ ಪೊಲೀಸರಿಗೆ ಫೋನ್ ಮಾಡಿ, ದಾರಿಯಲ್ಲೇ ಅಕ್ಕನಿಗೂ ಮಾಡಿದ್ದಳು, ಅಕ್ಕ ಗಂಡನಿಗೆ. ಆಗಲೇ ಕ್ಯಾಂಟನ್ ಬಿಟ್ಟು ಇಂಡಿಯಾನಾ ದಾಟಿದ್ದ ಮಂಜಣ್ಣ ನೇರ ಬೀಚಿನ ಎಕ್ಸಿಟ್ ಹಿಡಿದಿದ್ದರು. ಸಿಕ್ಕಳೆಂದು ತಿಳಿಸಲು ಮಾಡಿದ ಫೋನನ್ನು ಎತ್ತಲಿಲ್ಲ. ಕೆಟ್ಟ ಸುದ್ದಿಯೇ ಇರಬೇಕೆಂದು ಎತ್ತಲು ಧೈರ್ಯ ಬರಲಿಲ್ಲವೆಂದು ಆಮೇಲೆ ಹೇಳಿದರು. ಪಾರ್ಕಿಂಗಿನಲ್ಲಿ ಕಾರು ಅಡ್ಡಾದಿಡ್ಡಿ ನಿಂತಿತು. ಬಾಗಿಲು ಕೂಡ ಮುಚ್ಚದೆ ಮರಳಿನಲ್ಲಿ ತೊಡರುತ್ತಾ ಓಡಿಬಂದರು. ನಾನು ತೋಡಿದ್ದ ಕಾಲುವೆಗೆ ಕಾಲು ಸಿಕ್ಕಿ ಬಿದ್ದು, ಎದ್ದು, ಮತ್ತೆ ಓಡಿದರು.

"ಇದಾಳೆ ಭಾವ, ಮನೇಲೇ ಇದಾಳೆ," ಎಂದು ಸಾವಿತ್ರಿ ಫೋನನ್ನು ಅವರ ಕಿವಿಗಿಟ್ಟಳು. ಅವರು ಮಗಳ ದನಿ ಕೇಳಿದರು. "ಹಾಂ ಪುಟ್ಟ," ಎಂದರು. "ತಿನ್ನು, ತಿನ್ನು," ಎಂದರು. ಆಮೇಲೆ ನಮ್ಮಿಬ್ಬರಿಗೂ ಬೆನ್ನು ಹಾಕಿ ನೀರಿನ ತನಕ ಹೋಗಿ ಬಗ್ಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ ನನಗೆ, ಆ ಮನುಷ್ಯ ಅಂದು ಹೇಳಿದ 'ಸ್ವಲ್ಪ'ದಲ್ಲಿ ಅನುಮಾನ ಇರಲಿಲ್ಲ, ಭಯ ಮಾತ್ರ ಇತ್ತು ಎಂದು ಆಗ ಅರ್ಥವಾಯಿತು.

"ತಪ್ಪಾಯ್ತು ಮಂಜಣ್ಣ," ಎಂದೆ.

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು ಕೈ ಚಾಚಿದರು. "ಕೊಡಿ ಇಲ್ಲಿ. ಅಂಥಾದ್ದೇನು ಸಿಕ್ತು ನೋಡೋಣ."

ನಾಣ್ಯವನ್ನು ಒದ್ದೆ ಮರಳಿನಲ್ಲಿ ತಿಕ್ಕಿದರು. ಒಂದು ಸಿಂಹದ ಪಕ್ಕ ಇನ್ನೊಂದು ಸಿಂಹ ಬಂತು. ಅದರ ಪಕ್ಕ ಮತ್ತೊಂದು. ಅವರು ತಿಕ್ಕುವುದನ್ನು ನಿಲ್ಲಿಸಿ, ತಿರುಗಿಸಿ ನೋಡಿದರು. ಇಡೀ ದಿನದಲ್ಲಿ ಅವರ ಮುಖದಲ್ಲಿ ಮೊದಲ ಸಲ ನಗು ಬಂತು.

"ಹಡಗಿನದ್ದಾಗಿದ್ರೆ ಸರ್ಕಾರಕ್ಕೆ ಒಪ್ಪಿಸಬೇಕಿತ್ತು ಶೇಖರ್. ಇದನ್ನ ಧಾರಾಳವಾಗಿ ಇಟ್ಕೊಳ್ಳಿ. ಒಂದು ರೂಪಾಯಿ. ನಮ್ದೇ."

ನಾನು ಬಗ್ಗಿ ನೋಡಿದೆ. ಭಾರತ ಸರ್ಕಾರದ ಒಂದು ರೂಪಾಯಿ! ತಿಪಟೂರಿನ ಅಂಗಡಿಯಲ್ಲಿ ಟೀ ಕುಡಿದು ಮೇಜಿನ ಮೇಲೆ ಇಡುತ್ತಿದ್ದೆನಲ್ಲ, ಅದೇ.

ಸಾವಿತ್ರಿ ಹತ್ತಿರ ಬಂದು ಅದನ್ನು ಕೈಗೆ ತೆಗೆದುಕೊಂಡಳು. ನೀರನ್ನು ನೋಡಿದಳು, ನನ್ನನ್ನು ನೋಡಿದಳು.

"ಇದು ನಾನೇ ಹಾಕಿದ್ದು. ಬಂದ ಹೊಸದ್ರಲ್ಲಿ, ನೀವು ಪಾರ್ಕಿಂಗ್ ಹುಡುಕಕ್ಕೆ ಹೋಗಿದ್ದಾಗ. ಇದೇ ಜಾಗ."

"ಏನು ಕೇಳ್ಕೊಂಡೆ?" ಎಂದೆ.

"ಇವ್ರಿಗೆ ಸ್ವಲ್ಪ ಬುದ್ಧಿ ಕೊಡು ತಾಯಿ ಅಂತ." ನಾಣ್ಯವನ್ನು ನನ್ನ ಅಂಗೈಗೆ ಹಾಕಿದಳು. "ನನ್ನ ಕೈಲಾಗಲ್ಲ ಅಂತ ವಾಪಸ್ ಕಳಿಸಿದಾಳೆ."

ಮಂಜಣ್ಣ ಮರಳಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಿಎಚ್.ಡಿ. ಮಾಡಿದವರು ಅಷ್ಟು ಜೋರಾಗಿ ನಗುವುದನ್ನು ನಾನು ನೋಡಿರಲಿಲ್ಲ.

ಸಾವಿತ್ರಿಯ ಆಜ್ಞೆಯಂತೆ ರೂಪಾಯಿಯನ್ನು ಮತ್ತೆ ನೀರಿಗೆ ಎಸೆದೆ. ಈ ಸಲ ದೂರ ಎಸೆಯಿರಿ ಎಂದಳು. ಶಕ್ತಿ ಇದ್ದಷ್ಟು ದೂರ ಎಸೆದೆ. ಆಮೇಲೆ ಮೂವರೂ ಸೇರಿ ಕಾಲುವೆ ಮುಚ್ಚಿದೆವು. ಮನೆಗೆ ಬಂದಾಗ ನಿಧಿ ಗೇಟಿನ ಹತ್ತಿರ ನಿಂತಿದ್ದಳು. ಅವಳಿಗೆ ಆಂಟಿ ಎಲ್ಲ ಹೇಳಿದ್ದರು. ಅಪ್ಪನ ಸೊಂಟ ತಬ್ಬಿಕೊಂಡು ನನ್ನ ಕಡೆ ಇಣುಕಿ, "ಚಿಕ್ಕಪ್ಪ, ಡಿಡ್ ಯೂ ಲುಕ್ ಫಾರ್ ಮೀ ಇನ್ ದ ವಾಟರ್?" ಎಂದಳು. ಹುಡುಕಿದೆ ಪುಟ್ಟ, ಎದೆಮಟ್ಟ ನೀರಿಗೆ ಇಳಿದು ಹುಡುಕಿದೆ ಎಂದೆ. ಅದೊಂದು ಮಾತು ಮಾತ್ರ ಆ ದಿನ ನಾನು ಹೇಳಿದ್ದರಲ್ಲಿ ಸರಿಯಾಗಿ ಅರ್ಥವಾದದ್ದು.

ಚಳಿಗಾಲದ ರಜೆಗೂ ಅವಳನ್ನು ಕಳಿಸುವುದಾಗಿ ಮಂಜಣ್ಣ ಹೊರಡುವಾಗ ಹೇಳಿದರು. ಕಿಟಕಿ ಇಳಿಸಿ ಒಂದು ಷರತ್ತು ಹಾಕಿದರು. ನಮ್ಮ ಮನೆಯಲ್ಲಿ ಇನ್ನು ಮುಂದೆ ನಿಧಿ ಎಂದರೆ ಹುಡುಗಿ. ಭೂಮಿಯೊಳಗೆ ಇರುವುದಕ್ಕೆ 'ಗಂಟು' ಎನ್ನತಕ್ಕದ್ದು.

ಈಗ ನನ್ನ ಬಳಿ ಇರುವುದು ಇಷ್ಟು. ಗರಾಜಿನ ಮೂಲೆಯಲ್ಲಿ ಒಂದು ಡಿಟೆಕ್ಟರ್. ಒಂದು ಜೊತೆ ಸ್ಟೀಲ್ ಟೋ ಬೂಟು, ಪಕ್ಕಾ ವರ್ಕಿಂಗ್ ಎಂದು ಪರೀಕ್ಷೆಯಾಗಿದೆ. ಲ್ಯಾಮಿನೇಷನ್ ಮಾಡಿಸಿದ ಒಂದು ಪರ್ಮಿಟ್. ಒಬ್ಬಳು ಹೆಂಡತಿ. ಒಬ್ಬ ಷಡ್ಡಕ. ರಜೆಯಲ್ಲಿ ಬಂದುಹೋಗುವ ಒಬ್ಬಳು ನಿಧಿ. ಹಡಗಿನ ನಾಣ್ಯ, ಸೊನ್ನೆ. ಇದ್ದ ಒಂದು ರೂಪಾಯಿಯೂ ನೀರಿನಲ್ಲಿದೆ.

ಬುದ್ಧಿ, ಇನ್ನೂ ಸಿಕ್ಕಿಲ್ಲ.